ವಾರಕ್ಕೊಂದು

‘ಅರ್ಥ ಮಾಡಿಕೊಳ್ಳುವುದು’ ಎಂಬ ಕ್ರಿಯಾಪದವನ್ನು ಬೆಳಗಿನ ಮೊದಲ ಅವಧಿಯಲ್ಲೇ ಬಹಿಷ್ಕರಿಸಲಾಯಿತು. ತರಬೇತಿ ಕೊಡಲು ನಿಂತವನು ಅದನ್ನು ಬಿಳಿ ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಕೆಂಪು ಪೆನ್ನಿನಿಂದ ಅದರ ಮೇಲೆ ಅಡ್ಡಗೀಟು ಎಳೆದು, ‘ಇದನ್ನ ಅಳೆಯೋಕಾಗಲ್ಲ. ಅಳೆಯೋಕಾಗದೆ ಇರೋದನ್ನ ಪಾಠದ ಉದ್ದೇಶ ಅಂತ ಬರೀಬೇಡಿ’ ಎಂದ. ವಿದ್ಯಾರ್ಥಿ ಪಟ್ಟಿ ಮಾಡಬಹುದು, ಗುರುತಿಸಬಹುದು, ವಿವರಿಸಬಹುದು, ಮಾಡಿ ತೋರಿಸಬಹುದು. ಅರ್ಥ ಮಾತ್ರ ಮಾಡಿಕೊಳ್ಳಕೂಡದು. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಅವಳಿಗೆ ನಗು ಬರಬೇಕಾಗಿತ್ತು, ಸಿಟ್ಟು ಬಂತು. ಇವನು ಅವಳ ಶಿಷ್ಯ. ಎಷ್ಟೋ ವರ್ಷಗಳ ಕೆಳಗೆ ವಾರ್ಡಿನಲ್ಲಿ ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟು, ಯಕೃತ್ತಿನ ಅಂಚು ಎಲ್ಲಿ ಸಿಗುತ್ತದೆಂದು ತಿಳಿಯದೆ ಬೆವತುಹೋಗಿದ್ದ. ಅವಳೇ ಅವನ ಬೆರಳು ಹಿಡಿದು ಸರಿಯಾದ ಜಾಗದಲ್ಲಿ ಇಟ್ಟಿದ್ದಳು. ಈಗ ಅವನು ವಾರ್ಡಿನ ಕಡೆ ತಲೆ ಹಾಕುವುದಿಲ್ಲ. ಪಾಠ ಮಾಡುವುದು ಹೇಗೆಂದು ಪಾಠ ಮಾಡುವವರಿಗೆ ಪಾಠ ಮಾಡುತ್ತಾನೆ. ಮೆಡಿಸಿನ್ ವಿಭಾಗದ ಮುಖ್ಯಸ್ಥೆಯಾದ ಅವಳು ಅವನೆದುರು ಎದೆಗೆ ಚೀಟಿ ಅಂಟಿಸಿಕೊಂಡು ಕೂರಬೇಕು. ಚೀಟಿಯಲ್ಲಿ ಹೆಸರಿನ ಬದಲು ತನ್ನ ಸ್ವಭಾವಕ್ಕೆ ಹೊಂದುವ ಒಂದು ಪ್ರಾಣಿಯ ಹೆಸರು ಬರೆಯಬೇಕಂತೆ, ಸಂಕೋಚ ಹೋಗಲಿ ಅಂತ. ಪಕ್ಕದಲ್ಲಿದ್ದ ಅಂಗರಚನಾ ವಿಭಾಗದ ಪ್ರೊಫೆಸರು ‘ಆಮೆ’ ಎಂದು ಬರೆದುಕೊಂಡು, ಅದನ್ನು ಎಲ್ಲರಿಗೂ ತೋರಿಸಿಕೊಂಡು ಖುಷಿಯಾಗಿದ್ದರು. ಅವಳ ಚೀಟಿ ಖಾಲಿಯಿತ್ತು. ಎದ್ದು ಹೋಗುವಂತೆಯೂ ಇರಲಿಲ್ಲ. ಈ ಎರಡು ಅವಧಿಯ ತರಬೇತಿ ಮುಗಿಸಿ ಸರ್ಟಿಫಿಕೇಟು ತೆಗೆದುಕೊಳ್ಳದ ಯಾರೂ ಈ ಸಲದ ಪರೀಕ್ಷೆಗೆ ಪರೀಕ್ಷಕರಾಗುವಂತಿಲ್ಲ ಎಂದು ಸುತ್ತೋಲೆ ಬಂದಿತ್ತು.

ಬೆಳಿಗ್ಗೆಯಿಂದಲೇ ಎಲ್ಲ ಎಡವಟ್ಟು. ಮನೆಯಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತ, ‘ಗ್ಯಾಸ್ ಆಫ್ ಮಾಡು, ಬೀಗದ ಕೈ ಪಕ್ಕದ ಮನೇಲಿ ಕೊಡು, ಸಂಜೆ ಹಲ್ಲಿನ ಡಾಕ್ಟರ ಹತ್ರ ನೀನೇ ಹೋಗು, ಅರ್ಥ ಆಯ್ತಾ?’ ಎಂದು ಮಗಳಿಗೆ ಹೇಳಿದ್ದಳು. ಮಗಳು ಮೊಬೈಲಿನಿಂದ ಕಣ್ಣು ಕೀಳದೆ ‘ಆಯ್ತಮ್ಮ’ ಎಂದಿದ್ದಳು. ಆ ಮಾತಿನಲ್ಲಿ ಜಗಳವಿರಲಿಲ್ಲ, ಒಪ್ಪಿಗೆಯೂ ಇರಲಿಲ್ಲ; ಬಾಗಿಲು ಹಾಕಿಕೊಂಡ ಸದ್ದು ಇತ್ತು. ಹೊಸದಾಗಿ ಬಣ್ಣ ಬಳಿದ ಆಸ್ಪತ್ರೆಯ ಕಾರಿಡಾರಿನಲ್ಲಿ, ಒದ್ದೆ ನೆಲದ ಮೇಲೆ ಜಾರದಂತೆ ಗೋಡೆಯ ಬದಿಯಲ್ಲಿ ಬೇಗ ಬೇಗ ನಡೆಯುತ್ತಿದ್ದಾಗ ಒಬ್ಬ ಹೆಂಗಸು ಅಡ್ಡ ಬಂದಿದ್ದಳು. ಬಾಯಿಗೆ ಕರ್ಚೀಫು ಒತ್ತಿಕೊಂಡಿದ್ದಳು. ಎಲ್ಲೋ ನೋಡಿದ ಮುಖ. ಬಾಯಿ ಹುಣ್ಣಾಗಿದೆ, ನೀರೂ ಇಳೀತಿಲ್ಲ ಎಂದೇನೋ ಕರ್ಚೀಫಿನ ಒಳಗಿನಿಂದ ಅಂದ ಹಾಗಿತ್ತು. ‘ಇವತ್ತು ನಾನು ಓಪಿಡಿಯಲ್ಲಿ ಇರಲ್ಲ. ನಾಳೆ ಬನ್ನಿ, ನೋಡ್ತೀನಿ. ಅರ್ಥ ಆಯ್ತಾ?’ ‘ಆಯ್ತಮ್ಮ.’ ಇಷ್ಟೇ. ದಿನಕ್ಕೆ ಇಂಥವರು ಎಷ್ಟೋ ಜನ. ಅಷ್ಟಕ್ಕೂ ತಾನು ಓಡುತ್ತಿದ್ದದ್ದು ಯಾವ ಜೀವ ಉಳಿಸಲು? ಆಮೆಯ ಪಕ್ಕದಲ್ಲಿ ಕೂತು, ಹಳದಿ ಚೀಟಿಗಳನ್ನು ಗೋಡೆಗೆ ಅಂಟಿಸಲು.

ಚೀಟಿ ಅಂಟಿಸಿದ್ದಾಯಿತು. ನಾಲ್ಕು ಗುಂಪು ಮಾಡಿ ನಾಲ್ಕು ಚಾರ್ಟಿನ ಮೇಲೆ ಬರೆದದ್ದಾಯಿತು. ಹಳೆಯ ಪರೀಕ್ಷಾ ಪದ್ಧತಿಯಲ್ಲಿ ಪರೀಕ್ಷಕನ ಮೂಡು ನೋಡಿ ಅಂಕ ಬೀಳುತ್ತಿತ್ತು, ಹೊಸದರಲ್ಲಿ ಎಲ್ಲ ವಿದ್ಯಾರ್ಥಿಗೂ ಒಂದೇ ಪ್ರಶ್ನೆ, ಒಂದೇ ಅಳತೆಗೋಲು, ಆದ್ದರಿಂದ ಇದು ನ್ಯಾಯ ಎಂದು ಶಿಷ್ಯ ವಿವರಿಸಿದ. ಅದರಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ್ದರಿಂದಲೇ ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಅವನು ಹೇಳುವುದೆಲ್ಲ ಸರಿ, ಮಾತೂ ನಯ, ಅಂಗಿಯ ಇಸ್ತ್ರಿಯೂ ಸರಿ. ಅವಳನ್ನು ತಯಾರು ಮಾಡಿದ ಪ್ರೊಫೆಸರು ಹೀಗೆ ನಯವಾಗಿ ಮಾತಾಡಿದವರೇ ಅಲ್ಲ. ರೋಗಿಯ ಮುಂದೆಯೇ, ‘ಏನಮ್ಮಾ, ಇದು ಎದೆಯ ಸದ್ದೋ ನಿನ್ನ ಹೊಟ್ಟೆಯ ಸದ್ದೋ?’ ಎಂದು ಕೇಳಿ ಇಡೀ ವಾರ್ಡನ್ನು ನಗಿಸುತ್ತಿದ್ದರು. ಮಂಚದಲ್ಲಿ ಉಸಿರು ಎಳೆಯುತ್ತಿದ್ದ ಮುದುಕನೂ ನಕ್ಕಿದ್ದ. ಆವತ್ತು ಕಲಿತದ್ದು ಇವತ್ತಿಗೂ ಮರೆತಿಲ್ಲ ಎಂದು ಅವಳು ಯಾವಾಗಲೂ ಹೇಳಿಕೊಳ್ಳುತ್ತಾಳೆ. ಕಲಿತದ್ದು ಏನನ್ನು ಎಂದು ಯಾರೂ ಕೇಳಿಲ್ಲ. ಎದೆಯ ಸದ್ದನ್ನಂತೂ ಆಮೇಲೆ ಪುಸ್ತಕ ನೋಡಿಯೇ ಕಲಿತಳು. ಆ ದಿನದಿಂದ ಉಳಿದದ್ದು ಮುದುಕನ ಹಲ್ಲಿಲ್ಲದ ನಗು.

ಚಹಾಕ್ಕೆ ಮೊದಲು ಒಬ್ಬೊಬ್ಬರೂ ಎದ್ದು ಒಂದು ಪುಟ್ಟ ಪಾಠ ಮಾಡಿ ತೋರಿಸಬೇಕಿತ್ತು. ಉಳಿದವರು ವಿದ್ಯಾರ್ಥಿಗಳ ಹಾಗೆ ಕೂತು, ಆಮೇಲೆ ತಪ್ಪು ಒಪ್ಪು ಹೇಳುವುದು. ಅವಳು ತನ್ನ ಕೈಗೆ ಪಳಗಿದ ಪಾಠವನ್ನೇ ಆರಿಸಿಕೊಂಡಳು. ಸಂಧಿವಾತಕ್ಕೆ ಕೊಡುವ ಒಂದು ಮಾತ್ರೆ. ಅದನ್ನು ವಾರಕ್ಕೆ ಒಂದೇ ಸಲ ನುಂಗಬೇಕು; ಅದೇ ಮಾತ್ರೆಯನ್ನು ದಿನವೂ ನುಂಗಿದರೆ ಬಾಯಿಂದ ಹಿಡಿದು ಕರುಳಿನವರೆಗೆ ಹುಣ್ಣು, ರಕ್ತ ಹುಟ್ಟುವುದೇ ನಿಂತುಹೋಗಿ ಮನುಷ್ಯ ಉಳಿಯುವುದು ಕಷ್ಟ. ಇದನ್ನು ರೋಗಿಗೆ ಹೇಗೆ ಹೇಳಬೇಕು ಎಂಬುದು ಪಾಠ. ವರ್ಷ ವರ್ಷವೂ ಹುಡುಗರು ಕಣ್ಣು ಪಿಳುಕಿಸದೆ ಕೇಳುವ ತರಗತಿ ಇದು. ಅವಳ ಬೆನ್ನು ನೆಟ್ಟಗಾಯಿತು, ಗಂಟಲು ತಾನಾಗಿ ಬಿಚ್ಚಿಕೊಂಡಿತು. ಆಮೆ ಪ್ರೊಫೆಸರನ್ನು ರೋಗಿಯ ಕುರ್ಚಿಯಲ್ಲಿ ಕೂರಿಸಿ, ಮಾತ್ರೆಯ ಗುಣ ದೋಷಗಳನ್ನು ಒಂದೊಂದಾಗಿ ಹೇಳಿ, ಕೊನೆಗೆ ಬೆರಳೆತ್ತಿ, ‘ನೋಡಿ, ವಾರಕ್ಕೊಂದು. ಪ್ರತಿ ವಾರ ಒಂದೇ ಒಂದು. ಅರ್ಥ ಆಯ್ತಾ?’ ಎಂದಳು. ಆಮೆ ಕತ್ತು ಆಡಿಸಿತು. ಅವಳು ಸಭೆಯ ಕಡೆ ತಿರುಗಿ ಮುಗಿಯಿತು ಎಂಬಂತೆ ಕೈ ಒರೆಸಿಕೊಂಡಳು.

‘ಒಂದು ನಿಮಿಷ ಮೇಡಂ,’ ಎಂದ ಶಿಷ್ಯ. ‘ರೋಗಿಯ ಬಾಯಲ್ಲೇ ಹೇಳಿಸಿ ನೋಡೋಣ. ಸಾರ್, ಮನೆಗೆ ಹೋಗಿ ಹೇಗೆ ನುಂಗ್ತೀರಿ?’

ಆಮೆ ಇಂಥ ಅವಕಾಶವನ್ನು ಬಿಡುವ ಪೈಕಿಯಲ್ಲ. ಬೆರಳು ಮಡಚುತ್ತ, ‘ಸೋಮವಾರಕ್ಕೊಂದು, ಮಂಗಳವಾರಕ್ಕೊಂದು, ಬುಧವಾರಕ್ಕೊಂದು…’ ಎಂದು ರಾಗವಾಗಿ ಶುರುಮಾಡಿತು. ಹಾಲು ಉಕ್ಕಿದ ಹಾಗೆ ಕೋಣೆಯೆಲ್ಲ ನಗು ಉಕ್ಕಿತು. ಅವಳೊಬ್ಬಳೇ ನಗಲಿಲ್ಲ.

‘ಸಾರ್, ತಮಾಷೆ ಸಾಕು. ಯಾರೂ ಹಾಗೆ ತಿಳ್ಕೊಳ್ಳಲ್ಲ.’

‘ಯಾಕೆ ತಿಳ್ಕೊಳ್ಳಬಾರದು ಮೇಡಂ?’ ಆಮೆ ಕೈ ಚೆಲ್ಲಿತು. ‘ನಮ್ಮತ್ತೆ ದಿನಾ ಬೆಳಿಗ್ಗೆ ಎದ್ದು ಕೇಳೋದೇ, ಇವತ್ತು ಯಾವ ವಾರ ಅಂತ. ಅವರ ಲೆಕ್ಕದಲ್ಲಿ ದಿನಾ ಒಂದು ವಾರಾನೇ.’

ಆಮೇಲೆ ಒಪ್ಪು ತಪ್ಪುಗಳ ಸರದಿ. ಮೊದಲು ಒಂದು ಹೊಗಳಿಕೆ, ನಡುವೆ ತಪ್ಪು, ಕೊನೆಗೆ ಮತ್ತೊಂದು ಹೊಗಳಿಕೆ, ಇದು ಕ್ರಮ. ಒಬ್ಬರು ಅವಳ ಧ್ವನಿ ಸ್ಪಷ್ಟವಾಗಿದೆ ಎಂದರು. ಮಕ್ಕಳ ವಿಭಾಗದ ಯುವ ಉಪನ್ಯಾಸಕಿ ಎದ್ದು ನಿಂತು, ಮೇಡಂ ಪಾಠ ಚೆನ್ನಾಗಿತ್ತು, ಆದರೆ ಎಂದು ತಡವರಿಸಿ, ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿದಳು. ಹಾಳೆಯ ಅಂಚಿನ ತುಂಬ ಗೀಟುಗಳು. ‘ಅರ್ಥ ಆಯ್ತಾ ಅನ್ನೋದನ್ನ ಎಷ್ಟು ಸಲ ಹೇಳಿದ್ರಿ ಅಂತ ಎಣಿಸೋಕೆ ಹೋದೆ ಮೇಡಂ, ಜಾಗ ಸಾಲಲಿಲ್ಲ.’ ಹಿಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ‘ಆಯ್ತಮ್ಮ’ ಎಂದರು. ಉಪನ್ಯಾಸಕಿಯ ಕಿವಿ ಕೆಂಪಾಯಿತು. ಶಿಷ್ಯ ಹಲಗೆ ಒರೆಸಲು ತಿರುಗಿದ, ಒರೆಸಲು ಅಲ್ಲಿ ಏನೂ ಇರಲಿಲ್ಲ. ಆಗ ಅವಳಿಗೆ ಗೊತ್ತಾಯಿತು. ಆಯ್ತಮ್ಮ ಅವಳ ಹೆಸರು. ಇವನ ಬ್ಯಾಚಿಗೂ ಗೊತ್ತಿದ್ದ, ಈ ಹುಡುಗಿಯ ಬ್ಯಾಚಿಗೂ ಗೊತ್ತಿರುವ, ಕಾಲೇಜಿನ ಬೆಂಚುಗಳ ಮೇಲೆಲ್ಲ ಕೆತ್ತಿರಬಹುದಾದ ಹೆಸರು. ಎಷ್ಟು ವರ್ಷ ಹುಡುಗರು ಅವಳ ಮುಖಕ್ಕೇ ಅವಳ ಅಡ್ಡಹೆಸರು ಕೂಗಿ, ಪಾಠ ಒಪ್ಪಿಸಿದವರಂತೆ ವಿನಯದಿಂದ ನಿಂತಿದ್ದರು!

‘ತಪ್ಪು ತಿಳೀಬೇಡಿ ಮೇಡಂ,’ ಎಂದ ಶಿಷ್ಯ. ಅವನ ದನಿಯಲ್ಲಿ ನಿಜವಾಗಿಯೂ ಮರ್ಯಾದೆಯಿತ್ತು, ಅದೇ ಇನ್ನೂ ಕಷ್ಟ. ‘ಅರ್ಥ ಆಯ್ತಾ ಅಂದ್ರೆ ಅದು ಪ್ರಶ್ನೆ ಅಲ್ಲ. ಅದಕ್ಕೆ ಇಲ್ಲ ಅನ್ನೋಕೆ ಯಾರಿಗೂ ಧೈರ್ಯ ಬರಲ್ಲ. ನಾನೂ ವಾರ್ಡಲ್ಲಿ ಆಯ್ತು ಅಂತಾನೇ ಅಂತಿದ್ದೆ.’

‘ನಿನಗೆ ಆಗಿರಲಿಲ್ವಾ?’

‘ನೀವು ಬೆರಳು ಹಿಡಿದು ಇಟ್ರಲ್ಲ, ಆವತ್ತೂ ಏನೂ ಸಿಕ್ಕಿರಲಿಲ್ಲ ಮೇಡಂ. ಸಿಕ್ತು ಅಂದೆ.’

ಎಲ್ಲರೂ ಮತ್ತೆ ನಕ್ಕರು, ಈ ಸಲ ಅವಳಿಗೆ ನೋವಾಗದಿರಲಿ ಎಂದು. ಅವಳೂ ತುಟಿ ಹಿಗ್ಗಿಸಿ ಕುರ್ಚಿಗೆ ಬಂದು ಕೂತಳು. ಸುಳ್ಳ. ಒಂದು ಸಲ ಬಾಯಿ ಬಿಟ್ಟು ಇಲ್ಲ ಅಂದಿದ್ದರೆ ಇನ್ನೊಂದು ಸಲ ಹೇಳಿಕೊಡುತ್ತಿರಲಿಲ್ಲವೇ? ಹೇಳಿಕೊಡುತ್ತಿದ್ದೆನೇ? ಅವಳಪ್ಪ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಸಂಜೆ ಊಟದ ಮೇಜಿನ ಮೇಲೆ ಪುಸ್ತಕ ಹರಡಿ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಮೇಲಿನದನ್ನು ಕೆಳಗೆ ಹಾಕಿ ಗುಣಿಸು ಎನ್ನುತ್ತಿದ್ದರು. ಯಾಕೆ ಹಾಕಬೇಕು? ಕೆಳಗಿನದು ಎಲ್ಲಿಗೆ ಹೋಗಬೇಕು? ಅಪ್ಪನ ಪೆನ್ಸಿಲಿನ ಮೊನೆ ಹಾಳೆಯ ಮೇಲೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಅಡುಗೆಮನೆಯಿಂದ ಅಮ್ಮ, ಮಗು ಹಸಿದಿದೆ, ಬಿಡಿ ಸಾಕು ಎನ್ನುತ್ತಿದ್ದಳು. ‘ಅರ್ಥ ಆಯ್ತಾ?’ ‘ಆಯ್ತಪ್ಪ.’ ಆ ಮಾತು ಬಾಯಿಂದ ಬಿದ್ದದ್ದೇ ತಡ, ಪುಸ್ತಕ ಮುಚ್ಚುತ್ತಿತ್ತು, ಅಪ್ಪನ ಮುಖ ಸಡಿಲವಾಗುತ್ತಿತ್ತು, ಮೇಜಿನ ಮೇಲೆ ತಟ್ಟೆಗಳು ಬರುತ್ತಿದ್ದವು. ಆಯ್ತು ಅಂದರೆ ತಿಳಿಯಿತು ಅಂತಲ್ಲ. ಮುಗಿಯಿತು ಅಂತ, ಇನ್ನು ಬಿಟ್ಟುಬಿಡಿ ಅಂತ. ಇಷ್ಟು ವರ್ಷ ಅವಳು ವಾರ್ಡಿನ ಮಂಚದಿಂದ ಮಂಚಕ್ಕೆ ಹೋಗುತ್ತ ಕೇಳಿಸಿಕೊಂಡದ್ದೆಲ್ಲ, ದಯವಿಟ್ಟು ನನ್ನನ್ನು ಬಿಟ್ಟು ಮುಂದಿನ ಮಂಚಕ್ಕೆ ಹೋಗಿ ಎಂಬ ಬೇಡಿಕೆಯೇ ಆಗಿದ್ದಿರಬೇಕು.

ಚಹಾ ಬಂತು. ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ಆಮೆ ಪಕ್ಕಕ್ಕೆ ಬಂದು, ‘ಬೇಜಾರು ಮಾಡ್ಕೋಬೇಡಿ ಮೇಡಂ, ನನಗೆ ಹುಡುಗರು ಇಟ್ಟಿರೋ ಹೆಸರು ಕೇಳಿದ್ರೆ ನೀವು ಇಲ್ಲಿಂದ ಓಡಿಹೋಗ್ತೀರಿ’ ಎಂದಿತು. ಅವಳು ಬಿಸ್ಕತ್ತು ತೆಗೆದುಕೊಂಡಳು. ಬಾಯಿಗೆ ಇಟ್ಟು ಕಡಿದದ್ದಷ್ಟೇ. ತುತ್ತು ಒಣಗಿ ಅಂಗುಳಿಗೆ ಅಂಟಿಕೊಂಡಿತು. ಬಾಯಿ ಹುಣ್ಣು. ಕರ್ಚೀಫು. ನೀರೂ ಇಳೀತಿಲ್ಲ. ಎಲ್ಲೋ ನೋಡಿದ ಮುಖ ಎಲ್ಲಿಯದೆಂದು ಆಗ ನೆನಪಾಯಿತು. ಆಕೆ ಟೈಲರ್. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಕತ್ತರಿಯೊಳಗೆ ಹೆಬ್ಬೆರಳು ತೂರುವುದಿಲ್ಲ, ಸೂಜಿಗೆ ದಾರ ಪೋಣಿಸಲು ಅಕ್ಕನನ್ನು ಕರೆಯಬೇಕು ಎಂದು ಹೇಳಿಕೊಂಡಿದ್ದಳು. ಓಪಿಡಿಯಲ್ಲಿ ಬಾಗಿಲವರೆಗೆ ಜನ. ಅವಳು ಔಷಧಿ ಚೀಟಿ ಬರೆಯುತ್ತಲೇ ಹೇಳಿದ್ದಳು: ವಾರಕ್ಕೊಂದು. ‘ಪ್ರತಿ ವಾರಾನಾ ಅಮ್ಮ?’ ಎಂದು ಆಕೆ ಕೇಳಿದ್ದಳು. ಹೌದು, ಕೇಳಿದ್ದಳು. ಆ ಪ್ರಶ್ನೆಯಲ್ಲಿ ಒಂದು ಅಚ್ಚರಿಯಿತ್ತು. ಅದು ಈಗ, ಈ ಚಹಾದ ಕಪ್ಪಿನ ಮುಂದೆ, ನಿಚ್ಚಳವಾಗಿ ಕೇಳಿಸಿತು. ‘ಹೂಂ, ಪ್ರತಿ ವಾರ. ಒಂದು ವಾರಾನೂ ತಪ್ಪಿಸಬಾರದು. ಅರ್ಥ ಆಯ್ತಾ?’ ‘ಆಯ್ತಮ್ಮ.’ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಮಾತ್ರೆಯ ಪಟ್ಟಿ ಕತ್ತರಿಸಿ ಕೊಡುವುದಿಲ್ಲ. ಇಡೀ ಪಟ್ಟಿ ಕೊಟ್ಟಿರುತ್ತಾರೆ. ಆಮೇಲೆ ಎಷ್ಟು ದಿನವಾಯಿತು? ಹೆಚ್ಚಾಗಿಲ್ಲ. ಆದರೆ ಒಂದು ಪಟ್ಟಿ ಮುಗಿಯುವಷ್ಟು ಆಗಿದೆ.

ಇರಲಾರದು ಎಂದುಕೊಂಡಳು. ಬಾಯಿ ಹುಣ್ಣು ಯಾರಿಗೆ ಆಗುವುದಿಲ್ಲ? ನಿದ್ದೆಗೆಟ್ಟರೆ ಆಗುತ್ತದೆ, ಉಷ್ಣಕ್ಕೆ ಆಗುತ್ತದೆ. ಆಮೆಯ ಹುಡುಗಾಟಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದೇ? ಹೀಗೆಂದುಕೊಳ್ಳುತ್ತಲೇ ಅವಳ ಕೈ ಫೋನಿನ ಮೇಲಿತ್ತು. ಓಪಿಡಿಯ ಸಿಸ್ಟರ್ ಎತ್ತಿದಳು. ಹಿಂದಿನಿಂದ ಮಗುವಿನ ಅಳು, ಟೋಕನ್ ಕೂಗುವ ಸದ್ದು.

‘ಬೆಳಿಗ್ಗೆ ಬಾಯಿಗೆ ಕರ್ಚೀಫು ಇಟ್ಕೊಂಡು ಒಬ್ಬರು ಬಂದಿದ್ರಲ್ಲ ಸಿಸ್ಟರ್, ಅವರು ಇದ್ದಾರಾ?’

‘ಇಲ್ಲ ಮೇಡಂ. ಬೇರೆ ಡಾಕ್ಟರಿಗೆ ತೋರಿಸಿ ಅಂದೆ. ಮೇಡಂ ನಾಳೆ ಬಾ ಅಂದಿದ್ದಾರೆ, ಅವರಿಗೇ ತೋರಿಸ್ತೀನಿ ಅಂತ ಹೊರಟೋದ್ರು.’

‘ಅವರ ಫೋನ್ ನಂಬರು ತೆಗೀರಿ.’

‘ಹೆಸರೇನು ಮೇಡಂ?’

ಅವಳಿಗೆ ಗೊತ್ತಿರಲಿಲ್ಲ. ಬೆರಳ ಗಂಟುಗಳ ಊತ ಕಣ್ಣಿಗೆ ಕಟ್ಟಿದ ಹಾಗಿತ್ತು, ಯಾವ ಬೆರಳು ಎಷ್ಟು ಸೊಟ್ಟಗಾಗಿದೆ ಎಂದು ಚಿತ್ರ ಬರೆದು ತೋರಿಸಬಲ್ಲಳು, ಹೆಸರು ಮಾತ್ರ ಗೊತ್ತಿಲ್ಲ. ‘ಟೈಲರ್’ ಎಂದಳು. ‘ಟೈಲರ್ ಅಂತ ಹೆಸರಾ ಮೇಡಂ?’ ಎಂದಳು ಸಿಸ್ಟರ್. ಫೋನು ಇಟ್ಟು ಚೀಲ ಹೆಗಲಿಗೆ ಹಾಕಿಕೊಂಡಾಗ ಶಿಷ್ಯ ಬಾಗಿಲ ಹತ್ತಿರ ಬಂದ.

‘ಹೊರಟ್ರಾ ಮೇಡಂ? ಎರಡನೇ ಅವಧಿ ಬಿಟ್ರೆ ಸರ್ಟಿಫಿಕೇಟು ಕೊಡೋಕೆ ನನ್ನ ಕೈಯಲ್ಲಿ ಆಗಲ್ಲ.’

‘ತಲೆನೋವು.’

‘ಬೇಜಾರಾಯ್ತಾ ಮೇಡಂ?’

‘ಆಯ್ತು,’ ಎಂದಳು. ಹೇಳಬಹುದಿತ್ತು. ಆಮೆಯ ಬಾಯಲ್ಲಿ ನೀನು ಹೇಳಿಸಿದ ಉತ್ತರ ನಿಜವಾಗಿರಬಹುದು, ನೀನು ಹಲಗೆಯ ಮೇಲೆ ಎಳೆದ ಕೆಂಪು ಗೀಟು ನನ್ನ ರೋಗಿಯ ಮೇಲೂ ಬಿದ್ದಿರಬಹುದು ಎನ್ನಬಹುದಿತ್ತು. ಆಗ ಅವನು ಗಾಬರಿಯಾಗುತ್ತಿದ್ದ, ಜೊತೆಗೆ ಓಡಿ ಬರುತ್ತಿದ್ದ, ಸಹಾಯವೂ ಆಗುತ್ತಿತ್ತು. ಆದರೆ ಹುಡುಗರ ಮುಂದೆ ಸೋತು ಎದ್ದು ಹೋಗುವ ಸಿಡುಕಿ ಮೇಷ್ಟ್ರಿಣಿ ಅನ್ನಿಸಿಕೊಳ್ಳುವುದು ಅದಕ್ಕಿಂತ ಸುಲಭವಾಗಿತ್ತು. ತನ್ನ ಜಂಬ ಇಂಥ ಹೊತ್ತಿನಲ್ಲೂ ನೆಟ್ಟಗೆ ನಿಂತಿದೆಯಲ್ಲ ಎಂದು ಮೆಟ್ಟಿಲಿಳಿಯುತ್ತ ಅವಳಿಗೆ ಅಸಹ್ಯವಾಯಿತು.

ಗೇಟಿನ ಹೊರಗೆ ಬಿಸಿಲು ಮುಖಕ್ಕೆ ರಾಚಿತು. ಆಕೆ ಆವತ್ತು ಓಪಿಡಿಯಲ್ಲಿ ಇನ್ನೂ ಏನೋ ಹೇಳಿದ್ದಳು. ಅಂಗಡಿಯ ಮಾತು. ಚೀಟಿಯ ಮೇಲೆ ಅವಳ ಪೆನ್ನು ಓಡುತ್ತಿದ್ದಾಗ, ಮೇಲಿನಿಂದ ಮಳೆಹನಿ ಬಿದ್ದ ಹಾಗೆ ಬಿದ್ದು ಹರಿದುಹೋದ ಮಾತುಗಳು. ಅವನ್ನು ಈಗ ಒಂದೊಂದಾಗಿ ಹೆಕ್ಕಬೇಕಾಗಿತ್ತು. ಏನಾದರೂ ಹೊಲಿಯೋದಿದ್ದರೆ ಕೊಡಿ ಅಮ್ಮ. ಆಸ್ಪತ್ರೆ ಹಿಂದಿನ ಬೀದೀಲೇ ಇರೋದು. ಯಾರದೋ ಪಕ್ಕ. ಯಾರ ಪಕ್ಕ? ಹಿಂದಿನ ಬೀದಿ ಅಂದರೆ ಶವಾಗಾರದ ಗೋಡೆಯ ಹಿಂದಿನದೋ, ಸೈಕಲ್ ನಿಲ್ಲಿಸುವ ಕಡೆಯದೋ? ಮೊದಲು ಒಂದಕ್ಕೆ ಹೋದಳು. ಅಲ್ಲಿ ಬರೀ ಟಯರು ಅಂಗಡಿಗಳು. ಟಯರಿನವನೊಬ್ಬ ಅವಳ ಎದೆಯನ್ನೇ ದಿಟ್ಟಿಸಿದ. ಸಿಟ್ಟಿನಿಂದ ತಲೆ ತಗ್ಗಿಸಿ ನೋಡಿಕೊಂಡರೆ ಖಾಲಿ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಕಿತ್ತು ಮುದುರಿದಳು. ಹಿಮ್ಮಡಿ ಚಪ್ಪಲಿಗೆ ಉಜ್ಜಿ ಉರಿಯುತ್ತಿತ್ತು. ವಾಪಸ್ಸು ಬಂದು ಇನ್ನೊಂದು ಬೀದಿಗೆ ತಿರುಗಿದಳು. ಜೆರಾಕ್ಸು, ಹಣ್ಣಿನ ಗಾಡಿ, ಕನ್ನಡಕ, ಗೋಡೆಯ ಕೊಕ್ಕೆಗಳಿಗೆ ಗೊಂಚಲು ಗೊಂಚಲಾಗಿ ಕೀಲಿ ನೇತುಹಾಕಿಕೊಂಡು ಅರ ಉಜ್ಜುತ್ತ ಕೂತ ಒಬ್ಬ. ಕೀಲಿ ಮಾಡೋನ ಪಕ್ಕ. ಹೌದು, ಕೀಲಿ ಮಾಡೋನ ಪಕ್ಕ ಅಂದಿದ್ದಳು! ಕಿವಿಗೆ ಬಿದ್ದದ್ದು ಯಾವುದೂ ಕಳೆದುಹೋಗಿರಲಿಲ್ಲ, ಎಲ್ಲ ಒಳಗೇ ಎಲ್ಲೋ ಬಿದ್ದಿತ್ತು, ಅವಳು ಬಗ್ಗಿ ಎತ್ತಿಕೊಂಡಿರಲಿಲ್ಲ ಅಷ್ಟೇ. ಇದು ನೆಮ್ಮದಿ ಕೊಡಲಿಲ್ಲ, ಇನ್ನಷ್ಟು ಚುಚ್ಚಿತು.

ಅಂಗಡಿಯಲ್ಲಿ ನೀಲಿ ಬಟ್ಟೆಯ ರಾಶಿ, ಶಾಲೆಯ ಯೂನಿಫಾರ್ಮು. ಆವತ್ತು ಆಕೆಯ ಜೊತೆ ಓಪಿಡಿಯ ಬಾಗಿಲವರೆಗೆ ಬಂದಿದ್ದ ಅಕ್ಕ, ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು, ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿ, ಅವಳನ್ನು ನೋಡಿ ಎದ್ದು ನಿಂತಳು.

‘ಡಾಕ್ಟ್ರಮ್ಮ? ನಾಳೆ ಬರೋಕೆ ಹೇಳಿದ್ರಂತಲ್ಲ!’

‘ತಂಗಿ ಎಲ್ಲಿ?’

‘ಒಳಗೆ ಮಲಗಿದ್ದಾಳೆ. ಎರಡು ದಿನ ಆಯ್ತು, ಗಂಜಿನೂ ಹೋಗ್ತಿಲ್ಲ. ಮೈ ಬೇರೆ ಸುಡ್ತಿದೆ.’ ಅಕ್ಕ ಪರದೆ ಸರಿಸುತ್ತ ಸಮಾಧಾನ ಹೇಳುವವಳ ಹಾಗೆ ಸೇರಿಸಿದಳು, ‘ಆದ್ರೆ ಮಾತ್ರೆ ಒಂದು ದಿನಾನೂ ಬಿಟ್ಟಿಲ್ಲಮ್ಮ. ನಾನೇ ನೆನಪು ಮಾಡ್ತೀನಿ.’

ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಜಮಖಾನೆಯ ಮೇಲೆ ಆಕೆ ಮಲಗಿದ್ದಳು. ಡಾಕ್ಟರನ್ನು ನೋಡಿ ಏಳಲು ಹೋದಳು. ‘ಮಲಗಿ, ಮಲಗಿ’ ಎಂದು ಅವಳು ನೆಲದ ಮೇಲೆಯೇ ಮಂಡಿಯೂರಿದಳು. ಕರ್ಚೀಫು ಸರಿಸಿ ಬಾಯಿ ನೋಡಿದಳು. ತುಟಿಯ ಒಳಗೆಲ್ಲ ಸುಲಿದ ಹಾಗಿತ್ತು, ಒಸಡಿನ ಅಂಚಿನಲ್ಲಿ ರಕ್ತ ಜಿನುಗಿತ್ತು. ಮೊಣಕೈಯ ಬಳಿ, ಎಲ್ಲೂ ತಗುಲಿಸಿಕೊಂಡಿರಲಾರದ ಜಾಗದಲ್ಲಿ, ಕಪ್ಪಗೆ ಹೆಪ್ಪುಗಟ್ಟಿದ ಕಲೆಗಳು. ಪರೀಕ್ಷೆಗೆ ಬಂದ ಯಾವ ಹುಡುಗನಾದರೂ ಇದನ್ನು ನೋಡಿ ಸರಿಯಾಗಿಯೇ ಉತ್ತರ ಹೇಳುತ್ತಿದ್ದ, ಅವಳು ಪೂರ್ತಿ ಅಂಕ ಕೊಡುತ್ತಿದ್ದಳು. ಫೋನಿನಲ್ಲಿ ತುರ್ತು ವಿಭಾಗಕ್ಕೆ ಹೇಳಿದಳು: ಗಾಡಿ ಕಳ್ಸಿ, ಸ್ಟ್ರೆಚರ್ ಇರಲಿ, ಬೇರೆ ಕೋಣೆ ಬೇಕು, ಸೋಂಕು ತಗಲಬಾರದು, ರಕ್ತಕ್ಕೂ ಹೇಳಿಡಿ, ಸಂಧಿವಾತದ ಮಾತ್ರೆಯ ವಿಷ ಇಳಿಸುವ ಇಂಜೆಕ್ಷನ್ ತರಿಸಿ, ಈಗಲೇ. ಅವಳ ದನಿ ಎಂದಿನಂತೆ ಗಟ್ಟಿಯಾಗಿತ್ತು. ಅಕ್ಕ ಏನೊಂದೂ ಕೇಳದೆ, ಗಾಡಿಗೆ ದಾರಿ ತೋರಿಸಲು ಬೀದಿಗೆ ಓಡಿದಳು.

ಈಗ ಹೇಳಬೇಕು. ಅವಳು ಸಣ್ಣದಾಗಿ, ನಿಧಾನವಾಗಿ ಹೇಳಿದಳು. ವಾರಕ್ಕೊಂದು ಅಂದರೆ ಏಳು ದಿನಕ್ಕೆ ಒಂದೇ ಒಂದು ಅಂತ ನನ್ನ ಮನಸ್ಸಿನಲ್ಲಿತ್ತು, ನೀವು ದಿನಕ್ಕೊಂದು ನುಂಗಿದಿರಿ, ಅದು ನಿಮ್ಮ ತಪ್ಪಲ್ಲ, ನಾನು ಸರಿಯಾಗಿ ಹೇಳಲಿಲ್ಲ, ತಪ್ಪು ನನ್ನದು. ಆ ಮಾತ್ರೆ ಹೆಚ್ಚಾಗಿ ಬಾಯಲ್ಲಿ ಹುಣ್ಣಾಗಿದೆ, ರಕ್ತ ಕಡಿಮೆಯಾಗಿರಬಹುದು, ಜ್ವರವೂ ಅದರಿಂದಲೇ. ಇನ್ನು ಮೇಲೆ ಆ ಮಾತ್ರೆ ಬೇಡ, ಆಸ್ಪತ್ರೆಯಲ್ಲಿ ಇದ್ದು ಬೇರೆ ಇಂಜೆಕ್ಷನ್ ತೆಗೆದುಕೊಳ್ಳಬೇಕು. ‘ತಪ್ಪು ನನ್ನದು’ ಎಂಬ ಮಾತು ಬಾಯಿಂದ ಬಂದಾಗ ಎದೆಯ ಮೇಲಿನ ಭಾರ ಇಳಿಯಬಹುದೆಂದು ಅವಳು ಕಾದಿದ್ದಳು. ಇಳಿಯಲಿಲ್ಲ. ಎಲ್ಲ ಹೇಳಿ ಮುಗಿದಾಗ ನಾಲಗೆಯ ತುದಿಗೆ ಆ ಎರಡು ಪದ ಬಂದು ನಿಂತವು. ಅವಳು ಹಲ್ಲು ಕಚ್ಚಿ ತಡೆದಳು. ಪರದೆಯ ಆಚೆ ಅರ ಉಜ್ಜುವ ಸದ್ದು. ಆಕೆ ಅವಳ ಮುಖವನ್ನೇ ನೋಡುತ್ತಿದ್ದಳು, ಇನ್ನೂ ಏನೋ ಬರಬೇಕಾಗಿದೆ, ಯಾಕೆ ಬರುತ್ತಿಲ್ಲ ಎನ್ನುವವಳ ಹಾಗೆ. ಸುಮ್ಮನಿದ್ದಷ್ಟೂ ಆಕೆಯ ಕಣ್ಣಿನಲ್ಲಿ ಹೆದರಿಕೆ ಹೆಚ್ಚಾಯಿತು. ಕೊನೆಗೆ, ಕೇಳದೆ ಇದ್ದ ಪ್ರಶ್ನೆಗೆ, ಡಾಕ್ಟರ ಕೆಲಸ ಹಗುರ ಮಾಡಲೆಂಬಂತೆ, ಆಕೆಯೇ ಹೇಳಿದಳು.

‘ಆಯ್ತಮ್ಮ.’

ಅವಳಿಗೆ ಕೂಗಬೇಕೆನ್ನಿಸಿತು. ಏನಾಯ್ತು? ಏನು ಆಯ್ತು ನಿಮಗೆ? ಕೂಗಲಿಲ್ಲ. ಮಂಡಿ ಬಿಡಿಸಿ, ಗೋಡೆಗೆ ಒರಗಿ, ನೂಲಿನ ಚೂರುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ‘ಈಗ ನೀವು ಹೇಳಿ. ನನಗೆ ಅವಸರ ಇಲ್ಲ. ಏನಾಯ್ತು?’ ಎಂದಳು. ಕೇಳಿ, ಕಾದಳು. ಕಾಯುವುದು ಅವಳಿಗೆ ರೂಢಿಯಿಲ್ಲ, ಮೈಯೆಲ್ಲ ಚಡಪಡಿಸಿತು. ದೂರದಲ್ಲಿ ಗಾಡಿಯ ಹಾರನ್ನು ಕೇಳಿಸಿತು. ಆಕೆ ಎರಡು ಸಲ ಬಾಯಿ ತೆರೆದು, ಉರಿ ತಾಳದೆ ಮುಚ್ಚಿದಳು. ಆಮೇಲೆ ಪರದೆಯ ಕಡೆ ನೋಡಿ, ಅಕ್ಕ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದಿಂಬಿನ ಕೆಳಗೆ ಸೊಟ್ಟ ಬೆರಳುಗಳನ್ನು ತೂರಿಸಿ ಮಾತ್ರೆಯ ಪಟ್ಟಿಯನ್ನು ಹೊರಗೆ ತೆಗೆದಳು. ಎಲ್ಲ ಗುಳಿಗಳೂ ಒಡೆದು ಖಾಲಿಯಾಗಿದ್ದವು. ಒಂದರಲ್ಲಿ ಮಾತ್ರ ಹಳದಿ ಮಾತ್ರೆ ಹಾಗೆಯೇ ಕೂತಿತ್ತು.

‘ಒಂದು ವಾರ ತಪ್ಪಿಸ್ಬಿಟ್ಟೆ ಅಮ್ಮ,’ ಎಂದಳು ಆಕೆ, ಒಂದೊಂದೇ ಮಾತನ್ನು ಹುಣ್ಣಿನ ನಡುವಿನಿಂದ ಬಿಡಿಸಿಕೊಳ್ಳುತ್ತ. ‘ಶುಕ್ರವಾರದ್ದು. ಯೂನಿಫಾರ್ಮು ಕೊಡೋದಿತ್ತು, ಮರೆತೇ ಹೋಯ್ತು. ಅಕ್ಕನಿಗೆ ಗೊತ್ತಿಲ್ಲ, ಹೇಳ್ಬೇಡಿ. ಅದಕ್ಕೇ ಅಲ್ವಾ ಹೀಗಾಗಿದ್ದು?’ ಪಟ್ಟಿಯನ್ನು ಅವಳ ಕಡೆಗೆ ಚಾಚಿದಳು. ‘ಈಗ ನುಂಗ್ಬಿಡ್ಲಾ?’